ಬಾಗಿಲು ಧಡಾರ್ ಅಂದಾಗ

ರಾತ್ರಿ ಒಂಬತ್ತೂವರೆ. ತಟ್ಟೆಯಲ್ಲಿ ಮುದ್ದೆ ಆರ್ತಾ ಇದೆ. "ಫೋನ್ ಇಟ್ಟು ಊಟಕ್ಕೆ ಬಾರೋ" ಅಂತ ಅಮ್ಮ ಕರೀತಿರೋದು ಇದು ನಾಲ್ಕನೇ ಸಲ. "ಬರ್ತೀನಿ ಅಂದ್ನಲ್ಲಮ್ಮಾ!" ಧಡಾರ್ ಅಂತ ಮಗನ ಕೋಣೆ ಬಾಗಿಲು ಬಿತ್ತು. ಅಪ್ಪ ಕುರ್ಚಿಯಿಂದ ಎದ್ರು.

ತಡೀರಿ. ಈಗ ಬಾಗಿಲು ಬಡೀಬೇಡಿ.

ಹದಿನೈದರ ವಯಸ್ಸಲ್ಲಿ ಮಿದುಳಿನ ಭಾವನೆಯ ಭಾಗ ಬಲು ಚುರುಕು. ತಡೆದು ಯೋಚಿಸೋ ಮುಂಭಾಗ ಪೂರ್ತಿ ಬಲಿಯೋದು 25ರ ಆಸುಪಾಸಿಗೆ. ಸಿಟ್ಟು ನೆತ್ತಿಗೇರಿದಾಗ ಬುದ್ಧಿಮಾತು ತಲೆಗಿಳಿಯಲ್ಲ. ನಿಮ್ಮ ದನಿ ಏರಿದಷ್ಟೂ ಅವನದೂ ಏರುತ್ತೆ. ಇಪ್ಪತ್ತು ನಿಮಿಷ ಬಿಡಿ. ತಟ್ಟೆ ಮುಚ್ಚಿಡಿ.

ಆಮೇಲೆ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. "ಯಾಕೋ ಹೀಗಾಡ್ತೀಯ?" ಅನ್ನೋ ಬದಲು "ಇವತ್ತು ಏನೋ ಬೇಜಾರಾದಂಗಿದೆ" ಅನ್ನಿ. ಉತ್ತರ ಬರದಿದ್ರೂ ಪರವಾಗಿಲ್ಲ. ಪಕ್ಕದ ಮನೆ ಹುಡುಗನ ಮಾರ್ಕ್ಸ್ ವಿಷಯ ಮಾತ್ರ ದಯವಿಟ್ಟು ಎತ್ತಬೇಡಿ.

ನಿಯಮ ಇರಲೇಬೇಕು. ಕೈ ಮಾಡೋದು, ವಸ್ತು ಒಡೆಯೋದು ಯಾರಿಗೂ ನಡೆಯಲ್ಲ. ಫೋನ್ ಎಷ್ಟು ಗಂಟೆಗೆ ಹಾಲ್‌ನಲ್ಲಿ ಚಾರ್ಜಿಗೆ ಹಾಕ್ಬೇಕು ಅನ್ನೋದನ್ನ ಭಾನುವಾರ ಬೆಳಿಗ್ಗೆ, ಎಲ್ಲರೂ ಸಮಾಧಾನದಲ್ಲಿದ್ದಾಗ, ಅವನನ್ನೂ ಕೇಳಿ ಗೊತ್ತುಮಾಡಿ. ಅಪ್ಪನ ಫೋನೂ ಅಲ್ಲೇ ಇರಲಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟರೆ ಸಿಡುಕು ಹೆಚ್ಚು.

ವಾರಗಟ್ಟಲೆ ಮಾತು ಬಿಟ್ಟಿದ್ರೆ, ಊಟ ಸೇರದಿದ್ರೆ, ಸಾಯೋ ಮಾತಾಡಿದ್ರೆ ಅದನ್ನ ಹಟ ಅಂತ ತಳ್ಳಿಹಾಕ್ಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡ್ಬಹುದು.

ಹತ್ತು ಗಂಟೆ ಆಯ್ತು. ಸಾರು ಬಿಸಿ ಮಾಡಿ. ಬಾಗಿಲು ಮೆಲ್ಲಗೆ ತಟ್ಟಿ.