ನೆರಳನ್ನು ಓದಿ ಬೆಳಕನ್ನು ಅಳೆಯುವ ಬಗೆ

ಛಾಯಾಚಿತ್ರವೆಂದರೆ ಬೆಳಕಿನಿಂದ ಬರೆದ ಚಿತ್ರ. ಬರೆಯುವವನಿಗೆ ಶಾಯಿಯ ಹದ ಗೊತ್ತಿರಬೇಕು. ಹೆಚ್ಚಾದರೆ ಕಾಗದವೆಲ್ಲ ಕಲೆಯಾಗುತ್ತದೆ. ಕಡಮೆಯಾದರೆ ಅಕ್ಷರವೇ ಮೂಡುವುದಿಲ್ಲ. ಕ್ಯಾಮರಾದೊಳಕ್ಕೆ ಬಿಡಬೇಕಾದ ಬೆಳಕಿನ ಪ್ರಮಾಣವನ್ನು ‘ಎಕ್ಸ್‌ಪೋಷರ್’ ಎಂದು ಕರೆಯುತ್ತಾರೆ. ಇಂದು ನಮ್ಮ ಕಿಸೆಯಲ್ಲಿರುವ ಮೊಬೈಲ್ ಫೋನು ಈ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಮಾಡಿಕೊಳ್ಳುತ್ತದೆ. ಆದರೆ ನಮ್ಮ ಊರುಗಳ ಮದುವೆ, ಉಪನಯನ, ಶಾಲಾ ವಾರ್ಷಿಕೋತ್ಸವಗಳ ಹಳೆಯ ಚಿತ್ರಗಳನ್ನು ತೆಗೆದ ಅನೇಕರ ಬಳಿ ಬೆಳಕನ್ನಳೆಯುವ ಯಾವ ಉಪಕರಣವೂ ಇರಲಿಲ್ಲ. ಚೌಕ ಚಿತ್ರ ತೆಗೆಯುವ ಕ್ಯಾಮರಾಕ್ಕೆ 120ರ ರೋಲು ಹಾಕಿದರೆ ದೊರೆಯುತ್ತಿದ್ದುದು 12 ಚಿತ್ರ ಮಾತ್ರ. ಚಿತ್ರ ಸರಿಯಾಗಿ ಬಂದಿದೆಯೋ ಇಲ್ಲವೋ ಎಂಬುದು ತಿಳಿಯುವಾಗ ಮದುಮಗಳು ಗಂಡನ ಮನೆ ಸೇರಿ ಆಗಿರುತ್ತಿತ್ತು.

ಅಂತಹ ಛಾಯಾಗ್ರಾಹಕರು ಕ್ಯಾಮರಾದ ಉಂಗುರಗಳನ್ನು ತಿರುಗಿಸುವ ಮುನ್ನ ಒಮ್ಮೆ ತಲೆಯೆತ್ತಿ ಆಕಾಶವನ್ನು ನೋಡುತ್ತಿದ್ದರು. ಬಳಿಕ ತಲೆತಗ್ಗಿಸಿ ನೆಲವನ್ನು ನೋಡುತ್ತಿದ್ದರು. ಆಕಾಶವನ್ನು ನೋಡಿದ್ದೇಕೆಂಬುದು ಯಾರಿಗಾದರೂ ತಿಳಿಯುತ್ತದೆ. ನೆಲವನ್ನು ನೋಡಿದ್ದೇಕೆ? ಈ ವಿದ್ಯೆಯ ಮರ್ಮವಿರುವುದು ಅಲ್ಲಿಯೇ.

ಕಣ್ಣು ಅಳೆಯಲಾರದು

ನಮ್ಮ ಕಣ್ಣು ಅದ್ಭುತವಾದ ಇಂದ್ರಿಯ. ಆದರೆ ಅದು ತೀರ ಕೆಟ್ಟ ಅಳತೆಗೋಲು. ನಡುಹಗಲಿನ ನೇರ ಬಿಸಿಲಿನಲ್ಲಿ ಅಂಗಳದ ಮೇಲೆ ಬೀಳುವ ಬೆಳಕು ಸುಮಾರು 1,00,000 ಲಕ್ಸ್. ಅಲ್ಲಿಂದ ತರಗತಿಯ ಕೋಣೆಯೊಳಗೆ ಬಂದು, ಕಿಟಕಿಯಿಂದ ದೂರವಿರುವ ಬೆಂಚಿನ ಬಳಿ ನಿಂತರೆ ಅಲ್ಲಿರುವುದು ಕೆಲವು ನೂರು ಲಕ್ಸ್ ಮಾತ್ರ. 400 ಎಂದಿಟ್ಟುಕೊಂಡರೂ ಅಂಗಳದ ಬೆಳಕು ಅದರ 250 ಪಟ್ಟು. ಆದರೂ ಒಳಗೆ ಬಂದ ಹುಡುಗ ಎರಡು ನಿಮಿಷದಲ್ಲಿ ಪುಸ್ತಕ ತೆರೆದು ಓದತೊಡಗುತ್ತಾನೆ. ಬೆಳಕು ಇನ್ನೂರೈವತ್ತರಲ್ಲಿ ಒಂದು ಪಾಲಾಯಿತೆಂದು ಅವನಿಗೆ ಅನಿಸುವುದೇ ಇಲ್ಲ.

ಇದಕ್ಕೆ ಕಾರಣವುಂಟು. ಕಣ್ಣಿನ ಪಾಪೆ ಬಿಸಿಲಿನಲ್ಲಿ ಸುಮಾರು 2 ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲೆಯಲ್ಲಿ 7-8 ಮಿಲಿಮೀಟರಿನವರೆಗೆ ಹಿಗ್ಗುತ್ತದೆ. ಇದರಿಂದ ಒಳಹೋಗುವ ಬೆಳಕು ಹದಿನೈದು-ಹದಿನಾರು ಪಟ್ಟು ಬದಲಾಗಬಹುದು, ಅಷ್ಟೆ. ಉಳಿದ ಹೊಂದಾಣಿಕೆಯನ್ನು ಅಕ್ಷಿಪಟಲವೇ ತನ್ನ ಸಂವೇದನೆಯನ್ನು ಏರಿಸಿ ಇಳಿಸಿ ಮಾಡಿಕೊಳ್ಳುತ್ತದೆ. ನಮಗೆ ಹಿತವಾಗಲೆಂದು ಕಣ್ಣು ಎಲ್ಲವನ್ನೂ ಸಮಮಾಡಿ ತೋರಿಸುತ್ತದೆ. ಫಿಲ್ಮಿಗೆ ಈ ದಾಕ್ಷಿಣ್ಯವಿಲ್ಲ. ಆದುದರಿಂದ ‘ಬೆಳಕು ಚೆನ್ನಾಗಿ ಕಾಣುತ್ತದೆ’ ಎಂದು ನಂಬಿ ಚಿತ್ರ ತೆಗೆದವನು ಮೋಸಹೋಗುತ್ತಾನೆ.

ಹಾಗಾದರೆ ಯಂತ್ರವಿಲ್ಲದವರಿಗೆ ಗತಿಯೇನು? ಕಣ್ಣು ಅಳೆಯಲಾರದು ನಿಜ, ಆದರೆ ಗುರುತಿಸಬಲ್ಲುದು. ನೆರಳಿನ ಅಂಚು ಹರಿತವಾಗಿದೆಯೋ ಮಸುಕಾಗಿದೆಯೋ ಎಂಬುದನ್ನು ಮೂರನೆಯ ತರಗತಿಯ ಮಗುವೂ ಹೇಳಬಲ್ಲುದು. ಸೂರ್ಯನೊಬ್ಬನೇ, ಅವನ ಬೆಳಕು ನಿಯತವಾದುದು, ಅದನ್ನು ಮರೆಮಾಡುವ ಮೋಡ ಎಷ್ಟು ದಟ್ಟವೆಂಬುದನ್ನು ನೆರಳೇ ಬರೆದು ತೋರಿಸುತ್ತದೆ.

ಹದಿನಾರರ ಸೂತ್ರ

ಸೂತ್ರಕ್ಕೆ ಬರುವ ಮುನ್ನ ಮೂರು ಸಂಗತಿಗಳನ್ನು ತಿಳಿದಿರಬೇಕು. ಮಸೂರದ ಹಿಂದಿನ ರಂಧ್ರ ಎಷ್ಟು ತೆರೆದಿದೆ, ಷಟರು ಎಷ್ಟು ಹೊತ್ತು ತೆರೆದಿದೆ, ಫಿಲಂ ಎಷ್ಟು ಚುರುಕು – ಇವೇ ಆ ಮೂರು. ರಂಧ್ರದ ಅಳತೆಯನ್ನು 2.8, 4, 5.6, 8, 11, 16, 22 ಎಂಬ ಅಂಕಿಗಳಿಂದ ಸೂಚಿಸುತ್ತಾರೆ. ಮಸೂರದ ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಅಂಕಿ ಇದು. ಆದುದರಿಂದ ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು. ವೃತ್ತದ ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಅಂಕಿ 16ರಿಂದ 8ಕ್ಕಿಳಿದರೆ ಬೆಳಕು ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ನಡುವಿನ 11ರಲ್ಲಿ ನಿಂತರೆ ಎರಡು ಪಟ್ಟು. ಹೀಗೆ ಒಂದೊಂದು ಅಂಕಿಯೂ ಒಂದು ಮೆಟ್ಟಿಲು. ಒಂದು ಮೆಟ್ಟಿಲಿಗೆ ಬೆಳಕು ಇಮ್ಮಡಿ ಅಥವಾ ಅರ್ಧ. ಫಿಲ್ಮಿನ ಚುರುಕನ್ನು ಹಿಂದೆ ಎ.ಎಸ್.ಎ. ಎನ್ನುತ್ತಿದ್ದರು, ಈಗ ಐ.ಎಸ್.ಒ. ಎನ್ನುತ್ತಾರೆ. ಅಂಕಿಗಳು ಅವೇ.

ಇನ್ನು ಸೂತ್ರ. ನಿರ್ಮಲವಾದ ಬಿಸಿಲಿನಲ್ಲಿ, ಸೂರ್ಯ ನಮ್ಮ ಬೆನ್ನಿನ ಕಡೆಗಿರುವಾಗ, ರಂಧ್ರವನ್ನು 16ಕ್ಕೆ ಇರಿಸಬೇಕು. ಷಟರಿನ ವೇಗವನ್ನು ಫಿಲ್ಮಿನ ಅಂಕಿಗೆ ಸರಿಹೊಂದಿಸಬೇಕು. ಫಿಲಂ 100ರದಾದರೆ ಸೆಕೆಂಡಿನ 100ನೆಯ ಒಂದು ಭಾಗ. ಕ್ಯಾಮರಾದಲ್ಲಿ ಅದಕ್ಕೆ ಹತ್ತಿರವಿರುವುದು 125. ಫಿಲಂ 400ರದಾದರೆ 500. ಇಷ್ಟೇ ಸೂತ್ರ. ಓಡುವ ಮಕ್ಕಳ ಚಿತ್ರ ತೆಗೆಯಬೇಕಾಗಿ ವೇಗವನ್ನು 125ರಿಂದ 500ಕ್ಕೆ ಏರಿಸಿದರೆ, ಎರಡು ಮೆಟ್ಟಿಲು ಬೆಳಕು ನಷ್ಟವಾಯಿತು. ರಂಧ್ರವನ್ನು 16ರಿಂದ 8ಕ್ಕೆ ತಂದು ಅದನ್ನು ತುಂಬಿಕೊಟ್ಟರೆ ಲೆಕ್ಕ ಸರಿಯಾಯಿತು.

ನೆರಳಿನ ಪಾಠ

ಬಿಸಿಲು ಪೂರ್ಣವಿಲ್ಲದಾಗ ನೆಲವನ್ನು ನೋಡಬೇಕು. ನೆರಳಿನ ಅಂಚು ಕತ್ತರಿಯಿಂದ ಕತ್ತರಿಸಿದಂತಿದ್ದರೆ ರಂಧ್ರ 16. ತೆಳುಮೋಡ ಕವಿದು ಅಂಚು ಮಸುಕಾದರೆ 11. ನೆರಳು ಕಂಡೂ ಕಾಣದಂತಿದ್ದರೆ 8. ಮೋಡ ದಟ್ಟವಾಗಿ ನೆರಳೇ ಇಲ್ಲವಾದರೆ 5.6. ಬಿಸಿಲಿದ್ದರೂ ಚಿತ್ರಕ್ಕೆ ನಿಂತವರು ಮನೆಯ ನೆರಳಿನಲ್ಲಿದ್ದು, ಅವರ ತಲೆಯ ಮೇಲೆ ಬರಿಯ ಆಕಾಶವಿದ್ದರೆ 5.6 ಅಥವಾ 4. ಸೂರ್ಯ ಅವರ ಬೆನ್ನಿಗಿದ್ದು ನಮಗೆ ಮುಖ ಬೇಕಾದರೆ, 16ಕ್ಕೆ ಬದಲು ಎರಡು ಮೆಟ್ಟಿಲು ತೆರೆದು 8. ಸಮುದ್ರ ತೀರದ ಬಿಳಿ ಮರಳಿನ ಮೇಲಾದರೆ ಒಂದು ಮೆಟ್ಟಿಲು ಮುಚ್ಚಿ 22.

ಸೂರ್ಯೋದಯವಾಗಿ ಎರಡು ಗಂಟೆಗಳಾದ ಮೇಲೆ, ಸೂರ್ಯಾಸ್ತಕ್ಕೆ ಎರಡು ಗಂಟೆ ಉಳಿದಿರುವವರೆಗೆ ಈ ಲೆಕ್ಕ ಸಲ್ಲುತ್ತದೆ. ಗಡಿಯಾರ ನೋಡಲೂ ಬೇಕಿಲ್ಲ. ನಮ್ಮ ನೆರಳು ನಮ್ಮ ಎತ್ತರದ ಎರಡರಷ್ಟಕ್ಕಿಂತ ಉದ್ದವಾಗಿದ್ದರೆ ಸೂರ್ಯ ತೀರ ಕೆಳಗಿದ್ದಾನೆಂದು ತಿಳಿದು, ಒಂದೆರಡು ಮೆಟ್ಟಿಲು ಹೆಚ್ಚು ತೆರೆಯಬೇಕು. ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಯ ನಡುವೆ, ಅಡಕೆ ತೋಟದೊಳಗೆ ನಿಂತು ಯಾವ ಸೂತ್ರವೂ ಸಾಲದು. ಅಲ್ಲಿ ಅನುಭವವೇ ಗುರು. ಅದೇ ಊರಿನ ಮುರಕಲ್ಲಿನ ಪದವಿನ ಮೇಲೆ ಮಾರ್ಚ್ ತಿಂಗಳ ಹತ್ತು ಗಂಟೆಯ ಬಿಸಿಲಿನಲ್ಲಿ ಸೂತ್ರ ಎಂದೂ ಸುಳ್ಳಾಗದು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕ್ಯಾಮರಾದ ಮೀಟರು ವಸ್ತುವಿನಿಂದ ಮರಳಿಬಂದ ಬೆಳಕನ್ನು ಅಳೆಯುತ್ತದೆ. ಎದುರಿಗಿರುವುದೆಲ್ಲವೂ ಮಧ್ಯಮ ಬೂದುಬಣ್ಣದ್ದೆಂದು ಭಾವಿಸುತ್ತದೆ. ಕರಿಯ ಎಮ್ಮೆಯನ್ನು ತೋರಿಸಿದರೆ ‘ಬೆಳಕು ಸಾಲದು’ ಎಂದು ಹೆಚ್ಚು ಬಿಟ್ಟು ಎಮ್ಮೆಯನ್ನು ಬೂದಿಯ ಬಣ್ಣಕ್ಕೆ ತರುತ್ತದೆ. ಬಿಳಿಯ ಸಮವಸ್ತ್ರದ ಮಕ್ಕಳ ಸಾಲನ್ನು ತೋರಿಸಿದರೆ ‘ಬೆಳಕು ಹೆಚ್ಚಾಯಿತು’ ಎಂದು ಕಡಮೆಮಾಡಿ ಮುಖಗಳನ್ನೆಲ್ಲ ಕಪ್ಪಾಗಿಸುತ್ತದೆ. ನೆರಳನ್ನು ಓದುವವನು ವಸ್ತುವನ್ನು ನೋಡುವುದಿಲ್ಲ. ವಸ್ತುವಿನ ಮೇಲೆ ಬಿದ್ದ ಬೆಳಕನ್ನು ನೋಡುತ್ತಾನೆ. ಸೊಲ್ಲಾಪುರದ ಕರಿಯ ಎರೆಭೂಮಿಯಾದರೇನು, ಕೆಂಪು ಮುರಕಲ್ಲಿನ ನೆಲವಾದರೇನು, ಬೀಳುವ ಬಿಸಿಲು ಒಂದೇ. ಅವನ ಚಿತ್ರದಲ್ಲಿ ಎಮ್ಮೆ ಕರಿಯದಾಗಿಯೇ ಇರುತ್ತದೆ, ಅಂಗಿ ಬಿಳಿಯದಾಗಿಯೇ ಇರುತ್ತದೆ.

ಈ ತಿಳಿವಳಿಕೆ ಬೆಳೆದುಬಂದ ಬಗೆ

ಸೂರ್ಯನನ್ನು ನಂಬಿ ಲೆಕ್ಕ ಹಾಕುವ ಪದ್ಧತಿ ಹಳೆಯದು. ಇಂಗ್ಲೆಂಡಿನ ವಿಡ್ನೆಸ್ ಎಂಬಲ್ಲಿ ಕ್ಷಾರ ತಯಾರಿಸುವ ಕಾರ್ಖಾನೆಯಲ್ಲಿದ್ದ ಫರ್ಡಿನೆಂಡ್ ಹರ್ಟರ್ ಮತ್ತು ವೀರೊ ಡ್ರಿಫೀಲ್ಡ್ ಎಂಬ ಇಬ್ಬರು ಹವ್ಯಾಸಿಗಳು 1888ರಲ್ಲಿ ‘ಆ್ಯಕ್ಟಿನೋಗ್ರಾಫ್’ ಎಂಬ ಸಾಧನಕ್ಕೆ ಪೇಟೆಂಟ್ ಪಡೆದರು. ಅದು ಬೆಳಕನ್ನು ಅಳೆಯುತ್ತಿರಲಿಲ್ಲ. ಅಕ್ಷಾಂಶ, ತಿಂಗಳು, ಗಂಟೆಗಳಿಂದ ಸೂರ್ಯನ ಬೆಳಕೆಷ್ಟೆಂದು ಲೆಕ್ಕಹಾಕಿ ತೋರಿಸುವ ಜಾರುಪಟ್ಟಿಯಾಗಿತ್ತು. ಫಿಲಂ ಎಷ್ಟು ಬೆಳಕಿಗೆ ಎಷ್ಟು ಕಪ್ಪಾಗುತ್ತದೆಂಬ ಅವರ ಸಂಶೋಧನೆ 1890ರಲ್ಲಿ ಪ್ರಕಟವಾಯಿತು. ವಿದ್ಯುತ್ತಿನ ಮುಳ್ಳು ಆಡುವ ವೆಸ್ಟನ್ ಮೀಟರು ಬಂದುದು 1932ರಲ್ಲಿ. ಅದು ಬಂದಮೇಲೂ ಕೊಳ್ಳಲಾರದವರೇ ಹೆಚ್ಚು. ಅವರಿಗಾಗಿ ಫಿಲಂ ತಯಾರಕರು ಬಿಸಿಲು-ಮೋಡಗಳ ಪುಟ್ಟ ಚಿತ್ರ ಬರೆದ ಚೀಟಿಯನ್ನು ಡಬ್ಬದೊಳಗೆ ಇಡುತ್ತಿದ್ದರು. ನೀಲಗಿರಿಯ ಓದುಗರಿಗೆ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆ ನೆನಪಿರಬೇಕು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯ ‘ಇಂದು’ ಫಿಲಂ ದೇಶದ ಎಷ್ಟೋ ಮನೆಗಳ ಮುಖಗಳನ್ನು ಉಳಿಸಿಕೊಟ್ಟಿತು. ಕಾರ್ಖಾನೆ ಈಗ ಮುಚ್ಚಿದೆ.

‘ಇಂದು’ ಎಂದರೆ ಚಂದ್ರ. ಮೀಟರಿಲ್ಲದೆ ತೆಗೆದ ಚಿತ್ರಗಳಲ್ಲಿ ಜಗತ್ಪ್ರಸಿದ್ಧವಾದುದು ಚಂದ್ರನದೇ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರ ಶರತ್ಕಾಲದ ಒಂದು ಸಂಜೆ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ಕಾರಿನಲ್ಲಿ ಹೋಗುತ್ತಿದ್ದಾಗ, ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರನೇರಿದ್ದನ್ನು ಕಂಡರು. ಮುಳುಗುವ ಸೂರ್ಯನ ಕೊನೆಯ ಬೆಳಕು ಸ್ಮಶಾನದ ಶಿಲುಬೆಗಳ ಮೇಲಿತ್ತು. ದೊಡ್ಡ ಕ್ಯಾಮರಾ ಹೂಡಿದ್ದಾಯಿತು; ವೆಸ್ಟನ್ ಮೀಟರು ಮಾತ್ರ ಸಿಗಲಿಲ್ಲ. ಆಗ ಅವರಿಗೆ ಚಂದ್ರನ ಪ್ರಕಾಶ ಚದರಡಿಗೆ 250 ಕ್ಯಾಂಡಲ್ ಎಂಬುದು ನೆನಪಾಯಿತು. ಚಂದ್ರ ಬಿಳಿಯಾಗಿಯೂ ವಿವರ ಅಳಿಯದೆಯೂ ಮೂಡಬೇಕೆಂದರೆ ಅವನನ್ನು ಮಧ್ಯಮ ಬೂದುಬಣ್ಣಕ್ಕಿಂತ ಎರಡು ಮೆಟ್ಟಿಲು ಮೇಲಿಡಬೇಕು; ಅಂದರೆ 250ರ ಕಾಲುಭಾಗ, ಸುಮಾರು 60. ಫಿಲಂ 64ರದು; ಆದುದರಿಂದ ರಂಧ್ರ 8ಕ್ಕೆ ಸೆಕೆಂಡಿನ 60ನೆಯ ಒಂದು ಭಾಗ. ಬಣ್ಣದ ಗಾಜಿಗಾಗಿ ಮೂರು ಪಟ್ಟು. 20ನೆಯ ಒಂದು ಭಾಗವಾಯಿತು. ರಂಧ್ರವನ್ನು 32ಕ್ಕೆ ಕಿರಿದಾಗಿಸಿದ್ದರಿಂದ ಮತ್ತೆ ಹದಿನಾರು ಪಟ್ಟು. ಸರಿಸುಮಾರು 1 ಸೆಕೆಂಡು. ಒಂದು ಚಿತ್ರ ತೆಗೆದು ಎರಡನೆಯದಕ್ಕೆ ಫಲಕವನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ಆ ಚಿತ್ರ ತೆಗೆದ ದಿನ 1941ರ ನವೆಂಬರ್ 1 ಎಂಬುದನ್ನು ಖಗೋಳಶಾಸ್ತ್ರಜ್ಞರು ಚಂದ್ರನ ಸ್ಥಾನದಿಂದಲೇ ಮುಂದೆ ಲೆಕ್ಕಹಾಕಿ ತೋರಿಸಿದರು.

ರಾತ್ರಿಯ ಚಂದ್ರನಿಗೂ ಹಗಲಿನ ಸೂತ್ರವೇ ಸಲ್ಲುತ್ತದೆಂಬುದು ಕೇಳುವವರಿಗೆ ವಿಚಿತ್ರವೆನಿಸಬಹುದು. ಚಂದ್ರನೆಂದರೆ ಬಿಸಿಲಿನಲ್ಲಿ ಬಿದ್ದಿರುವ ಒಂದು ಬಂಡೆ. ನಮ್ಮ ಪದವಿನ ಕಲ್ಲಿಗೆ ಬೀಳುವ ಬಿಸಿಲೇ ಅದಕ್ಕೂ ಬೀಳುತ್ತದೆ. ಆ ಕಲ್ಲು ಕೊಂಚ ಕಪ್ಪಾದುದರಿಂದ 16ಕ್ಕೆ ಬದಲು 11 ಇರಿಸಿದರೆ ಸಾಕು. ಪರೀಕ್ಷಿಸಿ ನೋಡಬಹುದು.

ಯಂತ್ರವಿರುವಾಗ ಇದೇಕೆ?

ಎಲ್ಲವನ್ನೂ ಫೋನೇ ಮಾಡುವಾಗ ಈ ವಿದ್ಯೆಯ ಗೊಡವೆ ಏಕೆಂದು ಕೇಳುವವರುಂಟು. ನಮ್ಮ ಮನೆಗಳಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ನಡೆಯುವುದನ್ನು ನೆನೆಸಿಕೊಳ್ಳಿ. ಗೋಡೆಗೆ ಹಾಕಲು ಒಂದು ಭಾವಚಿತ್ರ ಬೇಕು. ಮಕ್ಕಳು, ಮೊಮ್ಮಕ್ಕಳು ತಮ್ಮ ತಮ್ಮ ಫೋನುಗಳಲ್ಲಿ ಹುಡುಕುತ್ತಾರೆ. ಚಿತ್ರಗಳೇನೋ ಸಾವಿರಾರು. ಅಜ್ಜ ಜಗಲಿಯಲ್ಲಿ ಕುಳಿತಿದ್ದಾರೆ. ಹಿಂದೆ ಅಂಗಳದ ಉರಿಬಿಸಿಲು. ಮುಖ ಮಾತ್ರ ಕಪ್ಪು. ಇಂದಿನ ಫೋನುಗಳು ಮುಖವನ್ನು ಗುರುತಿಸಿ, ಹಲವು ಚಿತ್ರಗಳನ್ನು ಬೆಸೆದು, ಬಹುಮಟ್ಟಿಗೆ ಇದನ್ನು ಸರಿಪಡಿಸುತ್ತವೆ. ಆದರೂ ಬೆಳಕಿನ ಅಂತರ ಹೆಚ್ಚಾದಲ್ಲಿ ಯಂತ್ರ ಸೋಲುತ್ತದೆ. ದೊಡ್ಡದು ಮಾಡಿಸಲು ತಕ್ಕ ಒಂದು ಮುಖ ಸಿಗದೆ, ಗುರುತಿನ ಚೀಟಿಯ ಚಿತ್ರವನ್ನೇ ಹಿಗ್ಗಿಸಿ ಹಾರ ಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ.

ಬೆಳಕನ್ನು ನೋಡಬಲ್ಲವನು ಅಲ್ಲಿ ಮಾಡಬೇಕಾದುದು ಇಷ್ಟೇ. ಅಜ್ಜನ ಕುರ್ಚಿಯನ್ನು ಅಂಗಳದ ಕಡೆಗೆ ಮುಖವಾಗುವಂತೆ ತಿರುಗಿಸಿ, ತಾನು ಅಂಗಳದ ಕಡೆ ನಿಲ್ಲಬೇಕು. ಕುರ್ಚಿ ತಿರುಗಿಸುವಂತಿಲ್ಲದಿದ್ದರೆ ಪರದೆಯ ಮೇಲೆ ಮುಖವಿರುವಲ್ಲಿ ಬೆರಳಿಟ್ಟು, ಬೆಳಕನ್ನು ಕೈಯಾರೆ ಏರಿಸಬೇಕು. ಸಂದೇಹವಿದ್ದಾಗ ಏನು ಮಾಡಬೇಕೆಂಬುದಕ್ಕೂ ನಿಯಮವಿದೆ. ನೆಗೆಟಿವ್ ಫಿಲಂ ಆದರೆ ಒಂದು ಮೆಟ್ಟಿಲು ಹೆಚ್ಚೇ ಕೊಡಬೇಕು, ಅದು ಸಹಿಸುತ್ತದೆ. ಫೋನು ಅಥವಾ ಡಿಜಿಟಲ್ ಕ್ಯಾಮರಾವಾದರೆ ಕೊಂಚ ಕಡಮೆ ಕೊಡುವುದು ಲೇಸು. ಏಕೆಂದರೆ ಪೂರ್ತಿ ಬೆಳ್ಳಗಾಗಿ ಅಳಿದ ವಿವರ ಮತ್ತೆ ಬಾರದು.

ಮನೆಯ ಮಕ್ಕಳಿಗೆ ಇದನ್ನು ಕಲಿಸಲು ಖರ್ಚೇನೂ ಇಲ್ಲ. ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂಗಳದ ನೆರಳನ್ನು ನೋಡಿ, ಅದರ ಅಂಚು ಹೇಗಿದೆ, ಉದ್ದವೆಷ್ಟು ಎಂಬುದನ್ನು ಕೋಪಿ ಪುಸ್ತಕದಲ್ಲಿ ಬರೆಯಲಿ. ಸೂತ್ರದ ಪ್ರಕಾರ ಯಾವ ಅಂಕಿ ಬರಬೇಕೆಂದು ಊಹಿಸಲಿ. ಬಳಿಕ ಅಲ್ಲಿಯೇ ಫೋನಿನಿಂದ ಒಂದು ಚಿತ್ರ ತೆಗೆದು, ಚಿತ್ರದ ವಿವರಗಳಲ್ಲಿರುವ ಅಂಕಿಗಳನ್ನು ನೋಡಲಿ. ಸಾಮಾನ್ಯವಾಗಿ ಫೋನಿನ ರಂಧ್ರ ಹಿಗ್ಗಿಕುಗ್ಗುವುದಿಲ್ಲ. ರಂಧ್ರ 1.8, ಐ.ಎಸ್.ಒ. 50 ಎಂದಿದ್ದರೆ ಪೂರ್ಣ ಬಿಸಿಲಿನಲ್ಲಿ ವೇಗವು ಸೆಕೆಂಡಿನ 4000ನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಹದಿನಾರನ್ನು 1.8ರಿಂದ ಭಾಗಿಸಿ, ಬಂದುದನ್ನು ವರ್ಗಮಾಡಿ, 50ರಿಂದ ಗುಣಿಸಿದರೆ ಏಳನೆಯ ತರಗತಿಯ ಹುಡುಗಿಯೇ ಈ ಉತ್ತರವನ್ನು ತರಬಲ್ಲಳು. ಅವಳ ಊಹೆಯೂ ಯಂತ್ರದ ಅಂಕಿಯೂ ಹೊಂದಿಕೊಂಡ ದಿನ ಅವಳ ಮುಖವನ್ನು ನೋಡಬೇಕು. ಅಂದಿನಿಂದ ಅವಳು ಯಂತ್ರವನ್ನು ದೂರುವುದೂ ಇಲ್ಲ, ಕಣ್ಣುಮುಚ್ಚಿ ನಂಬುವುದೂ ಇಲ್ಲ. ಮೊದಲು ನೆಲವನ್ನು ನೋಡಿ, ಆಮೇಲೆ ಚಿತ್ರ ತೆಗೆಯುತ್ತಾಳೆ.