ಲಿಥುವೇನಿಯದ ಹಬ್ಬಗಳು: ಪ್ರವಾಸಿಯು ಅರಿತಿರಬೇಕಾದ ರೀತಿನೀತಿ

ಬಾಲ್ಟಿಕ್ ಸಮುದ್ರತೀರದ ಪುಟ್ಟ ದೇಶವಾದ ಲಿಥುವೇನಿಯದ ರಜಾಪಟ್ಟಿಯಲ್ಲಿ ಸ್ವಾತಂತ್ರ್ಯಕ್ಕೆಂದೇ ಎರಡು ದಿನಗಳಿವೆ. ಫೆಬ್ರವರಿ 16, 1918ರ ಘೋಷಣೆಯ ದಿನ. ಮಾರ್ಚ್ 11, ಕಳೆದುಕೊಂಡ ಸ್ವಾತಂತ್ರ್ಯವನ್ನು ಸೋವಿಯತ್ ಒಕ್ಕೂಟದಿಂದ ಮರಳಿ ಪಡೆದುದಾಗಿ 1990ರಲ್ಲಿ ಸಾರಿದ ದಿನ. ಜುಲೈ 6ರಂದು, 1253ರಲ್ಲಿ ನಡೆದ ಮಿಂಡೌಗಾಸ್ ದೊರೆಯ ಪಟ್ಟಾಭಿಷೇಕವನ್ನು ಸ್ಮರಿಸುತ್ತಾರೆ. ಅಂದು ರಾತ್ರಿ 9 ಗಂಟೆಗೆ, ತಾಯ್ನಾಡಿನಿಂದ ದೂರವಿರುವವರೂ ಸೇರಿ, ಒಂದೇ ವೇಳೆಗೆ ರಾಷ್ಟ್ರಗೀತೆ ಹಾಡುವ ಪದ್ಧತಿ 2009ರಿಂದ ಬೆಳೆದುಬಂದಿದೆ. ಜೂನ್ 24 ದೀರ್ಘ ಹಗಲಿನ ಹಬ್ಬ. ಹಿಂದಿನ ರಾತ್ರಿ ಬೆಂಕಿಯುರಿಸಿ, ಎಂದೂ ಹೂಬಿಡದ ಜರೀಗಿಡದ ಹೂವನ್ನು ಕಾಡಿನಲ್ಲಿ ಅರಸುತ್ತಾರೆ!

ಬೀದಿಯ ಹಬ್ಬಗಳಿಗೆ ವಿವರಣೆ ಅಷ್ಟಾಗಿ ಬೇಡ; ಬೇಕಾದುದು ಮನೆಯೊಳಗಿನವುಗಳಿಗೆ. ಡಿಸೆಂಬರ್ 24ರ ಸಂಜೆಯ ‘ಕೂಚೋಸ್’ ಅವುಗಳಲ್ಲಿ ಮುಖ್ಯವಾದುದು. ಮೇಜಿನ ಹಾಸುಬಟ್ಟೆಯ ಕೆಳಗೆ ಒಣಹುಲ್ಲು, ಮೇಲೆ 12 ಬಗೆಯ ತಿನಿಸು. ಹಪ್ಪಳದಷ್ಟು ತೆಳುವಾದ ಪವಿತ್ರ ರೊಟ್ಟಿಯನ್ನು ಪರಸ್ಪರ ಮುರಿದು ಹಂಚಿಕೊಂಡ ಬಳಿಕವೇ ಊಟ. ಮಾಂಸ, ಹಾಲು, ಮೊಟ್ಟೆ ವರ್ಜ್ಯ. ಹೆರಿಂಗ್ ಮೀನು ಮಾತ್ರ ವರ್ಜ್ಯವಲ್ಲ. ಆದಕಾರಣ ಸಸ್ಯಾಹಾರಿಗಳು ನಿಶ್ಚಿಂತರಾಗುವಂತಿಲ್ಲ. ಗಸಗಸೆಯ ಹಾಲಿನಲ್ಲಿ ನೆನೆಸಿದ ಪುಟ್ಟ ಬಿಸ್ಕತ್ತುಗಳಾದರೋ, ಗಸಗಸೆ ಪಾಯಸ ಉಂಡು ಬೆಳೆದವರಿಗೆ ಪರಕೀಯವೆನಿಸಲಾರವು. ಆ ವರ್ಷ ತೀರಿಕೊಂಡವರಿಗಾಗಿ ಒಂದು ತಟ್ಟೆಯನ್ನಿಡುವ ಮನೆಗಳುಂಟು. ಅತಿಥಿಯು ಆ ಸ್ಥಳದಲ್ಲಿ ಕುಳಿತುಕೊಳ್ಳಬಾರದು. ಉಳಿದ ಅಡಿಗೆಯನ್ನು ತೆಗೆದಿಡಲು ನೆರವಾಗುವ ಉತ್ಸಾಹವೂ ಸಲ್ಲದು. ಗತಿಸಿದವರ ಆತ್ಮಗಳಿಗೆಂದು ಅದನ್ನು ರಾತ್ರಿಯಿಡೀ ಮೇಜಿನ ಮೇಲೆಯೇ ಬಿಡುವುದು ಹಳೆಯ ವಾಡಿಕೆ. ಸೋವಿಯತ್ ಆಳ್ವಿಕೆಯಲ್ಲಿ ಕ್ರಿಸ್‌ಮಸ್ಸಿಗೆ ರಜೆಯಿರಲಿಲ್ಲ. ದಿನದ ದುಡಿಮೆ ಮುಗಿಸಿ ಬಂದ ಜನ ಸದ್ದಿಲ್ಲದೆ ಈ ಊಟವನ್ನು ನಡೆಸಿಕೊಂಡು ಬಂದರು. ಸರ್ಕಾರದ ಪಟ್ಟಿಯಿಂದ ಅಳಿಸಿದ ಹಬ್ಬವನ್ನು ಉಳಿಸಿದುದು ಅಡಿಗೆಮನೆಯೇ ಎನ್ನಬೇಕು.

ಸತ್ತವರ ನೆನಪಿಗೆ ನವೆಂಬರ್ 1 ಅಲ್ಲದೆ, 2020ರಿಂದ ನವೆಂಬರ್ 2 ಕೂಡ ರಜೆ. ನಗರವಾಸಿಗಳು ಹುಟ್ಟೂರಿಗೆ ತೆರಳಿ, ಹಿರಿಯರ ಸಮಾಧಿಗಳನ್ನು ಗುಡಿಸಿ, ದೀಪ ಹಚ್ಚುತ್ತಾರೆ. ರಾಜಧಾನಿ ವಿಲ್ನಿಯಸ್ಸಿನ ರಾಸೋಸ್ ರುದ್ರಭೂಮಿ ಆ ಸಂಜೆ ದೀಪಗಳಿಂದ ತುಂಬಿರುತ್ತದೆ. ಪರಸ್ಥಳದವರೂ ಹೋಗಬಹುದು, ಆದರೆ ಗಟ್ಟಿ ಮಾತು, ನಗು, ಅಪರಿಚಿತರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಸಲ್ಲವು.

ಯಾವ ಹಬ್ಬಕ್ಕೇ ಆಗಲಿ, ಹೂವು ಕೊಂಡೊಯ್ಯುವವರು ಎಣಿಸಿಯೇ ಕೊಳ್ಳಬೇಕು. ಶುಭಕ್ಕೆ ಬೆಸಸಂಖ್ಯೆ, ಸರಿಸಂಖ್ಯೆಯ ಹೂಗಳು ಶವಸಂಸ್ಕಾರಕ್ಕೆ ಮೀಸಲು. ಹೊಸ್ತಿಲಿನ ಆಚೀಚೆ ನಿಂತು ಕೈಕುಲುಕುವುದೂ ಅಲ್ಲಿ ಅಪಶಕುನ. ಒಳಗೆ ಬಂದು, ಪಾದರಕ್ಷೆ ಕಳಚಿ, ಅನಂತರ ಕೈನೀಡುವುದು ಲೇಸು.