ಹೊಸ್ತಿಲ ಮೇಲಿನ ಹೆಸರು: ಬನಹಟ್ಟಿ ಪರಿಸರದ ಒಡಪು, ಬೀಸುವ ಪದ ಮತ್ತು ಜಪಾನಿನ ಪ್ರಣಯ ಮಾಂಗಾ

ಪ್ರೀತಿಯನ್ನು ಕುರಿತ ಆಧುನಿಕ ಕನ್ನಡ ಸಾಹಿತ್ಯದ ಚರ್ಚೆ ಬಹುಪಾಲು ಮದುವೆಗೆ ಮುಂಚಿನ ಪ್ರೀತಿಯ ಚರ್ಚೆಯಾಗಿದೆ. ಜಾತಿ, ವರ್ಗ, ಮನೆತನಗಳ ಅಡ್ಡಗೋಡೆಯನ್ನು ದಾಟಿ ಗಂಡು ಹೆಣ್ಣು ಒಂದಾಗುವುದು, ಇಲ್ಲವೆ ದಾಟಲಾಗದೆ ಸೋಲುವುದು ಕಾದಂಬರಿಯ ಮೆಚ್ಚಿನ ವಸ್ತು. ದಾಂಪತ್ಯದ ಒಲವಿಗೆ ನವೋದಯ ಕಾವ್ಯದಲ್ಲಿ ಹಿರಿದಾದ ಸ್ಥಾನ ದೊರೆತಿದೆಯೆಂಬುದು ನಿಜ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಆದರೆ ಅಲ್ಲಿಯೂ ಕೇಳುವುದು ಬಹುಮಟ್ಟಿಗೆ ಗಂಡನ ದನಿ. ತನ್ನದಲ್ಲದ ಮನೆಗೆ ಬಂದು, ಆ ಮನೆಯ ಒಲೆ, ಕಲ್ಲು, ಮಗ್ಗಗಳ ನಡುವೆ ಒಬ್ಬ ಗಂಡಸನ್ನು ಮೆಲ್ಲಗೆ ಅರಿತುಕೊಳ್ಳುವ ಹೆಣ್ಣಿನ ಅನುಭವ ಬರಹಕ್ಕಿಂತ ಹೆಚ್ಚಾಗಿ ಮೌಖಿಕ ಪರಂಪರೆಯಲ್ಲಿ ಉಳಿದುಬಂದಿದೆ. ಅದನ್ನು ಕನ್ನಡ ವಿಮರ್ಶೆ ‘ತವರಿನ ಹಾಡು’, ‘ಅತ್ತೆಮನೆಯ ಗೋಳು’ ಎಂಬ ಎರಡು ಗೂಟಗಳಿಗೆ ಕಟ್ಟಿಹಾಕಿದೆ. ಮೂರನೆಯದೊಂದು ವಸ್ತು ಅಲ್ಲಿದೆಯೆಂಬುದು ಸ್ಪಷ್ಟವಾಗಬೇಕಾದರೆ ಇದೇ ವಸ್ತುವನ್ನು ನಡುವಿಗೆ ತಂದಿರಿಸಿಕೊಂಡ ಬೇರೊಂದು ಪ್ರಕಾರದ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಜಪಾನಿನ ಪ್ರಣಯ ಮಾಂಗಾ ಅಂತಹ ಒಂದು ಪ್ರಕಾರ.

ಮಾಂಗಾ ಎಂದರೆ ಬಲದಿಂದ ಎಡಕ್ಕೆ ಓದುವ ಜಪಾನಿನ ಚಿತ್ರಕಥೆ. ನಿಯತಕಾಲಿಕಗಳಲ್ಲಿ ಕಂತುಕಂತಾಗಿ ಪ್ರಕಟವಾಗಿ ಬಳಿಕ ಸಂಪುಟಗಳಾಗುವುದು ಅದರ ಸಾಮಾನ್ಯ ಕ್ರಮ. ಅದರಲ್ಲಿ ಹೆಣ್ಣೊಬ್ಬಳು ಹೊಸ ಮನೆಯೊಂದನ್ನು ಸೇರಿ, ಆ ಮೇಲೆ ಪ್ರೀತಿಯನ್ನು ಕಾಣುವ ಕಥೆಗಳ ಒಂದು ದೊಡ್ಡ ವರ್ಗವೇ ಇದೆ. ಮೂರು ಕೃತಿಗಳನ್ನು ಇಲ್ಲಿ ಹೆಸರಿಸಬಹುದು. ನತ್ಸುಕಿ ತಕಾಯಾ ಅವರ ‘ಫ್ರೂಟ್ಸ್ ಬಾಸ್ಕೆಟ್’ (1998–2006) ತಾಯಿಯನ್ನು ಕಳೆದುಕೊಂಡ ತೋರು ಎಂಬ ವಿದ್ಯಾರ್ಥಿನಿ ಸೋಮಾ ಮನೆತನದವರ ಮನೆಯಲ್ಲಿ ಅಡುಗೆ, ಕಸಮುಸುರೆ ನೋಡಿಕೊಳ್ಳುತ್ತ ನೆಲೆಗೊಳ್ಳುವ ಕಥೆ. 2008ರಲ್ಲಿ ಆರಂಭವಾದ ಕವೊರು ಮೋರಿ ಅವರ ‘ಒತೊಯೊಮೆಗತಾರಿ’ (ಮದುಮಗಳ ಕಥನ) ಹತ್ತೊಂಬತ್ತನೆಯ ಶತಮಾನದ ಮಧ್ಯ ಏಷ್ಯಾದ್ದು. ಅಲೆಮಾರಿ ಕುಲದ ಇಪ್ಪತ್ತು ವರ್ಷದ ಅಮೀರ್, ಊರಲ್ಲಿ ನೆಲೆಸಿದ ಮನೆತನದ ಹನ್ನೆರಡರ ಹುಡುಗ ಕಾರ್ಲುಕನಿಗೆ ಹೆಂಡತಿಯಾಗಿ ಬರುತ್ತಾಳೆ. ಇದಕ್ಕೆ 2014ರ ಮಾಂಗಾ ತೈಶೋ ಪ್ರಶಸ್ತಿ ದೊರೆಯಿತು. ಮೂರನೆಯದು ಅಕುಮಿ ಅಗಿತೊಗಿ ಅವರ ಕಾದಂಬರಿಯನ್ನು ಆಧರಿಸಿದ ‘ವತಾಶಿ ನೊ ಶಿಯಾವಾಸೆ ನ ಕೆಕ್ಕೊನ್’ (ನನ್ನ ಸುಖದ ಮದುವೆ). ಮಲತಾಯಿಯ ಮನೆಯಲ್ಲಿ ಆಳಿನಂತೆ ಬೆಳೆದ ಮಿಯೊಳನ್ನು ಕಠಿಣನೆಂದು ಹೆಸರಾದ ಕಿಯೊಕಾ ಎಂಬ ಸೇನಾಧಿಕಾರಿಯ ಮನೆಗೆ ಕಳುಹಿಸಲಾಗುತ್ತದೆ. ಅವಳು ಮಾಡಿದ ಮೊದಲ ದಿನದ ಅಡುಗೆಯನ್ನು ಅವನು ವಿಷದ ಅನುಮಾನದಿಂದ ಮುಟ್ಟುವುದಿಲ್ಲ. ಮುಂದೆ ಅವಳು ಅವನಿಗೆ ಕೊಡುವ ಮೊದಲ ಉಡುಗೊರೆ ತನ್ನ ಕೈಯಾರೆ ಹೆಣೆದ ಒಂದು ದಾರ.

ಈ ಕೃತಿಗಳಲ್ಲಿ ಪ್ರೀತಿಯ ನಿವೇದನೆ ತಡವಾಗಿ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಅದರ ಬದಲಿಗೆ ಮನೆಯ ಕೆಲಸಗಳು ಮಾತಾಡುತ್ತವೆ. ಬಡಿಸಿದ ಅನ್ನ ಉಂಡನೇ ಇಲ್ಲವೇ, ಹೊಲಿದ ಬಟ್ಟೆ ತೊಟ್ಟನೇ ಇಲ್ಲವೇ ಎಂಬುದರಲ್ಲಿ ಸಂಬಂಧದ ಏರಿಳಿತ ತಿಳಿಯುತ್ತದೆ. ಇನ್ನೊಂದು ಗುರುತು ಹೆಸರಿನದು. ಜಪಾನಿನ ಸಮಾಜದಲ್ಲಿ ಮನೆತನದ ಹೆಸರಿಡಿದು ಕರೆಯುವುದು ರೂಢಿ. ವ್ಯಕ್ತಿಯ ಹೆಸರಿಡಿದು ಕರೆಯುವುದು ಸಲುಗೆಯ ಲಕ್ಷಣ. ಹಾಗಾಗಿ ಪಾತ್ರವೊಂದು ಮೊದಲ ಸಲ ಇನ್ನೊಂದರ ಹೆಸರು ಉಚ್ಚರಿಸುವ ಪುಟ ಪ್ರಣಯ ಮಾಂಗಾದಲ್ಲಿ ಮಹತ್ವದ ತಿರುವಾಗುತ್ತದೆ. ಮಿಯೊ ಕಿಯೊಕಾನನ್ನು ‘ದನ್ನಾಸಮಾ’ ಎನ್ನುತ್ತಾಳೆ. ಆ ಪದಕ್ಕೆ ಒಡೆಯ, ಗಂಡ ಎಂಬ ಎರಡೂ ಅರ್ಥಗಳಿವೆ, ಕನ್ನಡದ ‘ಯಜಮಾನರು’ ಎಂಬುದಕ್ಕೆ ಇರುವಂತೆ. ‘ದನ್ನಾ’ ಬೌದ್ಧಧರ್ಮದ ದಾರಿಯಲ್ಲಿ ಜಪಾನು ಸೇರಿದ ಸಂಸ್ಕೃತದ ‘ದಾನ’. ದಾನಿ ಒಡೆಯನಾಗಿ, ಒಡೆಯ ಗಂಡನಾದ. ‘ಯಜಮಾನ’ ಪದವೂ ಯಜ್ಞ ಮಾಡಿಸುವವನಿಂದ ಹೊರಟು ಅದೇ ಗಂಡನ ಬಳಿ ಬಂದು ನಿಂತಿರುವುದು ಭಾಷಾಭ್ಯಾಸಿಗಳಿಗೆ ಕುತೂಹಲದ ಸಂಗತಿ.

ಈ ಎರಡು ಗುರುತುಗಳನ್ನು, ಅಂದರೆ ಮನೆಗೆಲಸ ಮತ್ತು ಹೆಸರನ್ನು, ಕೈಯಲ್ಲಿ ಹಿಡಿದು ಬನಹಟ್ಟಿಯ ಕಡೆಗೆ ಬರಬಹುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಪ್ರದೇಶ ಹಿಂದೆ ಸಂಸ್ಥಾನಗಳ ಸೀಮೆ. ವಿಜಾಪುರ ಜಿಲ್ಲೆಯ ಭಾಗವಾಗಿದ್ದು 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ರಬಕವಿ ಬನಹಟ್ಟಿಗಳು ನೇಕಾರರ ಅವಳಿ ಊರುಗಳು. ಕೈಮಗ್ಗದ ಮನೆಯಲ್ಲಿ ಬಾಳುವೆಗೂ ದುಡಿಮೆಗೂ ನಡುವೆ ಗೋಡೆಯಿರುವುದಿಲ್ಲ. ಗಂಡಸು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಲಾಳಿ ಎಸೆಯುತ್ತಿದ್ದರೆ ಹೆಂಗಸು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಾಳೆ. ಹಾಸು ಎಷ್ಟೇ ಉದ್ದವಿರಲಿ, ಹೊಕ್ಕಿನ ಕಂಡಿಕೆ ತೀರಿದರೆ ಮಗ್ಗ ನಿಲ್ಲಬೇಕು. ಆದ್ದರಿಂದ ಹೊಸದಾಗಿ ಬಂದ ಸೊಸೆ ಆ ಮನೆಯಲ್ಲಿ ಮೊದಲು ಕಲಿಯಬೇಕಾದದ್ದು ಒಬ್ಬ ಗಂಡಸಿನ ಕೈಯ ವೇಗವನ್ನು. ಅವನ ಮುಖ ನೋಡಿ ಮಾತಾಡಲು ಹಿರಿಯರ ಎದುರು ಅವಳಿಗೆ ಸದರವಿಲ್ಲ. ಅವನ ಲಾಳಿಯ ಸದ್ದು ಕೇಳುತ್ತ ತನ್ನ ರಾಟಿ ತಿರುಗಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ವಿದ್ಯುತ್ ಮಗ್ಗದ ಮನೆಯಲ್ಲಿ ಈ ಆಲಿಸುವಿಕೆ ಉಳಿಯುವುದು ಕಷ್ಟ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಮನೆ ಅವಳಿಗೆ ನಿಜವಾಗಿಯೂ ‘ಹೊಸದೇ’? ಇರಾವತಿ ಕರ್ವೆಯವರು ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ತಮ್ಮ 1953ರ ಗ್ರಂಥದಲ್ಲಿ ಉತ್ತರದ ಮದುಮಗಳು ಅಪರಿಚಿತರ ನಡುವೆ ಹೋಗಿ ಬೀಳುತ್ತಾಳೆ, ದಕ್ಷಿಣದವಳು ಬಂಧುಗಳ ನಡುವೆಯೇ ಮದುವೆಯಾಗುವುದರಿಂದ ಆ ಪರಕೀಯತೆ ಅವಳಿಗೆ ಅಷ್ಟಾಗಿ ಇಲ್ಲ ಎಂಬ ಭೇದವನ್ನು ತೋರಿಸಿಕೊಟ್ಟರು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಕನ್ನಡದ ಶಬ್ದಗಳಲ್ಲೇ ಹುದುಗಿದೆ: ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ, ತಾಯಿಯ ಅಣ್ಣನೂ ಮಾವ, ಗಂಡನ ತಂದೆಯೂ ಮಾವ. ಇದೇ ಸೀಮೆಯ ಅಂಚಿನ ಮರಾಠಿಯಲ್ಲಿ ಸೋದರತ್ತೆಗೆ ‘ಆತ್ಯಾ’, ಗಂಡನ ತಾಯಿಗೆ ‘ಸಾಸೂ’ ಎಂದು ಬೇರೆ ಬೇರೆ ಪದಗಳಿವೆ. ಆದರೆ ಕರ್ವೆಯವರ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಚಿಕ್ಕಂದಿನಲ್ಲಿ ಆಡಿ ಬಂದ ಮನೆಯೇ ಆದರೂ ಸೊಸೆಯಾಗಿ ಹೊಕ್ಕ ದಿನ ಅದು ಬೇರೆಯಾಗುತ್ತದೆ. ನಿನ್ನೆಯವರೆಗೆ ಹೆಸರು ಹಿಡಿದು ಕೂಗಿದ್ದ ಅತ್ತೆಯ ಮಗನ ಹೆಸರು ಇಂದಿನಿಂದ ಅವಳ ಬಾಯಿಗೆ ನಿಷಿದ್ಧ. ಜಪಾನಿನ ನಾಯಕಿ ಹೆಸರಿನ ಕಡೆಗೆ ನಡೆಯುತ್ತಾಳೆ. ಬನಹಟ್ಟಿಯ ಸೊಸೆ ಗೊತ್ತಿದ್ದ ಹೆಸರನ್ನು ಬಿಟ್ಟುಕೊಟ್ಟು ಒಳಗೆ ಬರುತ್ತಾಳೆ.

ಬಿಟ್ಟುಕೊಡುವ ಆ ಕ್ಷಣದಲ್ಲೇ ಒಂದು ಸಲ ಹೇಳಿಸುವ ಸಂಪ್ರದಾಯ ಒಡಪು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಗಂಡನ ಕಡೆಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳು’ ಎನ್ನುತ್ತಾರೆ. ಹೇಳಿದ ಮೇಲೆಯೇ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಹೋಗುವುದು. ಬರಿ ಹೆಸರು ಹೇಳುವಂತಿಲ್ಲ. ಒಂದು ವಸ್ತು, ಒಂದು ದೇವರು, ಒಂದು ಊರು, ಒಂದು ತಿನಿಸು ಹೀಗೆ ಏನನ್ನಾದರೂ ಮೊದಲ ಸಾಲಿನಲ್ಲಿ ಹಿಡಿದು, ಪ್ರಾಸ ಕೂಡಿಸಿ, ಕೊನೆಗೆ ಹೆಸರನ್ನು ಇಳಿಸಬೇಕು. ಚಿಕ್ಕ ಒಡಪು ಎರಡು ಸಾಲಿನದು. ಬಲ್ಲವರು ಹೇಳುವ ಉದ್ದನೆಯ ಒಡಪು ಒಂದು ಕಥೆಯಷ್ಟು ಬೆಳೆದು, ಕೇಳುವವರ ಸಹನೆ ತೀರುವ ಹೊತ್ತಿಗೆ ಹೆಸರಿಗೆ ಬಂದು ಮುಟ್ಟುತ್ತದೆ. ಕುಬಸ, ತೊಟ್ಟಿಲು, ಉಡಿ ತುಂಬುವ ಸಂದರ್ಭಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಗಡಿಯಾಚೆ ಮರಾಠಿಯಲ್ಲಿ ಇದಕ್ಕೆ ‘ಉಖಾಣಾ’ ಎನ್ನುತ್ತಾರೆ. ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಒಡಪು’ ಎಂದರೆ ಒಗಟು ಎಂಬ ಅರ್ಥವೂ ಇದೆ, ಮರಾಠಿಯ ಪದಕ್ಕೂ ಹಾಗೆಯೇ. ಗಂಡನ ಹೆಸರೇ ಇಲ್ಲಿ ಒಗಟಿನ ಉತ್ತರ. ಉತ್ತರ ಎಲ್ಲರಿಗೂ ಗೊತ್ತಿದ್ದರೂ ಅದನ್ನು ಒಡೆಯುವ ಹಕ್ಕು ಒಬ್ಬಳಿಗೆ ಮಾತ್ರ.

ಜಾನಪದ ಅಧ್ಯಯನದಲ್ಲಿ ಒಡಪಿಗೆ ವಿನೋದದ ಬದಿಯ ಸ್ಥಾನ ಸಿಕ್ಕಿದೆ. ಅದು ವಿನೋದವೇ. ಆದರೆ ಮನೆಯ ಎಲ್ಲರೆದುರು, ಎಲ್ಲರ ಒತ್ತಾಯದ ಮೇರೆಗೆ, ನಿಷೇಧವನ್ನು ಮುರಿಯುವ ಅಪರೂಪದ ಅವಕಾಶವೂ ಹೌದು. ನಾಚಿಕೆ ಅಲ್ಲಿ ಅಭಿನಯವೂ ನಿಜವೂ ಆಗಿರುತ್ತದೆ. ಮೊದಲ ದಿನ ತಾಯಿ ಕಲಿಸಿ ಕಳಿಸಿದ ಒಡಪನ್ನು ಒಪ್ಪಿಸುವವಳು ಕುಬಸದ ಹೊತ್ತಿಗೆ ತಾನೇ ಕಟ್ಟಿದ್ದನ್ನು ಹೇಳುವಂತಾದರೆ ಆ ಅಂತರದಲ್ಲಿ ಒಂದು ಪ್ರಣಯಕಥೆ ನಡೆದಿದೆ ಎಂದೇ ಅರ್ಥ. ಆ ಕಥೆಯನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಒಡಪು ಬಹಿರಂಗದ್ದಾದರೆ ಬೀಸುವ ಪದ ಅಂತರಂಗದ್ದು. ಅಖಂಡ ವಿಜಾಪುರ ಜಿಲ್ಲೆಯ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಹಲಸಂಗಿ ಭೀಮೆಯ ಕಡೆಯದು, ಬನಹಟ್ಟಿ ಕೃಷ್ಣೆಯ ಕಡೆಯದು; ಆದರೂ ಹಾಡಿನ ನುಡಿ, ಮಟ್ಟು, ಬೀಸುವ ಕಲ್ಲಿನ ಸನ್ನಿವೇಶ ಎರಡೂ ಸೀಮೆಗೆ ಸಮಾನ. ನಸುಕಿನಲ್ಲಿ ಸೊಸೆಯೂ ನಾದಿನಿಯೋ ನೆಗೆಣ್ಣಿಯೋ ಕಲ್ಲಿನ ಎರಡು ಬದಿಗೆ ಕುಳಿತು ಹಾಡುವ ಈ ಪದಗಳಲ್ಲಿ ಗಂಡ ‘ನೀನು’ ಆಗಿ ಬರುವುದು ಕಡಿಮೆ, ‘ಅವನು’ ಆಗಿ ಬರುವುದೇ ಹೆಚ್ಚು. ಮುನಿಸಿಕೊಂಡವನು ಮರುಕ್ಷಣ ಒಲಿದದ್ದು, ಮಡದಿ ತವರಿಗೆ ಹೋದಾಗ ಬರಿದಾದ ಮನೆ ಕಂಡು ಅವನು ನೊಂದದ್ದು, ತವರನ್ನು ಮರೆಯಿಸುವಷ್ಟು ಅವನ ಪ್ರೀತಿ ದೊಡ್ಡದೆಂಬ ಹಿಗ್ಗು, ಎಲ್ಲವೂ ಮೂರನೆಯವನ ಸುದ್ದಿಯಂತೆ ಹಾಡಾಗುತ್ತವೆ. ಪಕ್ಕದ ಕೋಣೆಯಲ್ಲಿ ಮಲಗಿದವನು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಜಪಾನಿನ ಹುಡುಗಿಯರ ಮಾಂಗಾದಲ್ಲಿಯೂ ಇದಕ್ಕೆ ಹತ್ತಿರದ ಉಪಾಯವೊಂದಿದೆ. ಪಾತ್ರಗಳ ಮಾತು ಗುಳ್ಳೆಯೊಳಗೆ ಇರುತ್ತದೆ. ನಾಯಕಿಯ ಮನದ ಮಾತು ಗುಳ್ಳೆಯ ಹೊರಗೆ, ಚಿತ್ರದ ಬಯಲಿನಲ್ಲಿ ತೇಲುತ್ತದೆ. ತ್ರಿಪದಿಯೂ ಮನೆಯ ಸಂಭಾಷಣೆಯ ಹೊರಗೆ ತೇಲುವ ಮಾತು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ತೋರುವಿಗೆ ಹೋಗಲು ತನ್ನದೆಂಬ ಮನೆಯಿಲ್ಲ, ಮಿಯೊಳ ಹುಟ್ಟಿದ ಮನೆ ನರಕ. ಪ್ರೀತಿಯೊಂದೇ ಆಶ್ರಯವಾಗುವಂತೆ ಕಥೆ ಹಿಂದಿನ ಬಾಗಿಲನ್ನು ಮುಚ್ಚಿಬಿಡುತ್ತದೆ. ಇದು ಪ್ರಕಾರದ ಅನುಕೂಲ. ಅದರ ಬಡತನವೂ ಹೌದು. ತ್ರಿಪದಿಯ ಹೆಣ್ಣಿಗೆ ತವರಿನ ದಾರಿ ತೆರೆದಿದೆ. ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ. ಗಂಡನ ಒಲವು ಪ್ರತಿ ವರ್ಷ ಆ ಕರೆಯೊಡನೆ ಸ್ಪರ್ಧಿಸಬೇಕು. ಆದುದರಿಂದಲೇ ತವರಿನ ಹಾಡುಗಳನ್ನು ಒಲವಿನ ಹಾಡುಗಳಿಂದ ಬೇರ್ಪಡಿಸಿ ಓದುವುದು ತಪ್ಪಾಗುತ್ತದೆ: ಒಂದರ ತೂಕ ತಿಳಿಯುವುದು ಇನ್ನೊಂದರ ಎದುರಿನಲ್ಲಿ. ಮೋರಿಯವರ ಕೃತಿ ಮಾತ್ರ ಇದನ್ನು ಬಲ್ಲದು. ಅಮೀರಳ ತವರಿನವರು ಅವಳನ್ನು ಮರಳಿ ಒಯ್ಯಲು ಬಂದಾಗ ಅವಳು ಯಾವ ಮನೆಯವಳೆಂಬುದು ತೀರ್ಮಾನವಾಗಬೇಕಾಗುತ್ತದೆ. ಅದೇ ಕೃತಿಯ ಪರಿಯಾ ಎಂಬ ಹುಡುಗಿ ದಾಳಿಯಲ್ಲಿ ನಾಶವಾದ ತನ್ನ ಮದುವೆಯ ಕಸೂತಿ ಬಟ್ಟೆಗಳನ್ನು ಮತ್ತೆ ಮೊದಲಿನಿಂದ ಹೊಲಿಯಬೇಕಾಗುವ ಭಾಗ, ಬಟ್ಟೆಯಿಂದಲೇ ಬದುಕುವ ಊರಿನ ಓದುಗರಿಗೆ ವಿಶೇಷವಾಗಿ ರುಚಿಸಬಹುದು.

ಈ ಬಗೆಯ ಓದಿಗೆ ಒಂದು ಗಂಭೀರ ಆಕ್ಷೇಪಣೆ ಇದೆ. ಆಯ್ಕೆಯೇ ಇಲ್ಲದವಳು ಸಿಕ್ಕವನನ್ನು ಪ್ರೀತಿಸಲು ಕಲಿಯುವುದನ್ನು ಪ್ರಣಯವೆಂದು ಕರೆಯುವುದು ಅಧೀನತೆಗೆ ಹೂ ಮುಡಿಸಿದಂತಲ್ಲವೇ? ‘ಗರತಿ’ ಎಂಬ ಶೀರ್ಷಿಕೆಯೇ ಹಾಡಿದವರನ್ನು ಒಂದು ಆದರ್ಶದ ಚೌಕಟ್ಟಿನಲ್ಲಿ ಕೂರಿಸಿಬಿಟ್ಟಿತು ಎಂಬ ಮಾತಿನಲ್ಲಿ ಹುರುಳಿದೆ. ಹನ್ನೆರಡರ ಗಂಡನನ್ನು ಮುದ್ದಾಗಿ ಚಿತ್ರಿಸುವ ಮಾಂಗಾ, ಬಾಲ್ಯವಿವಾಹದ ನೆನಪು ಇನ್ನೂ ಹಸಿಯಾಗಿರುವ ಸಮಾಜದ ಓದುಗರಿಗೆ ಇರುಸುಮುರುಸು ತಾರದೆ ಇರದು. ಈ ಆಕ್ಷೇಪಣೆಯನ್ನು ತಳ್ಳಿಹಾಕಬೇಕಿಲ್ಲ. ಆದರೆ ಹಾಡುಗಳು ಎಲ್ಲ ಗಂಡಂದಿರನ್ನೂ ಹೊಗಳುವುದಿಲ್ಲ; ಒಲ್ಲದ ಗಂಡನನ್ನು ಕುರಿತ ಕಟು ತ್ರಿಪದಿಗಳು ಅದೇ ಕಲ್ಲಿನ ಮೇಲೆ, ಅದೇ ಮಟ್ಟಿನಲ್ಲಿ ಹುಟ್ಟಿವೆ. ಎರಡನ್ನೂ ಹಾಡಬಲ್ಲ ಬಾಯಿ ಒಂದನ್ನು ಹಾಡಿದಾಗ ಅದನ್ನು ಬರಿ ವಿಧೇಯತೆ ಎನ್ನಲಾಗದು.

ಇದೇ ನಾಡಿನ ಗಂಡಸರ ರಂಗಭೂಮಿಯನ್ನು ಪಕ್ಕದಲ್ಲಿಟ್ಟರೆ ಅಂತರ ಎದ್ದು ಕಾಣುತ್ತದೆ. ಬೈಲಹೊಂಗಲ ಪರಿಸರದ ‘ಸಂಗ್ಯಾ ಬಾಳ್ಯಾ’ದಲ್ಲಿ ಮದುವೆಯ ಹೊರಗೆ ಹುಟ್ಟಿದ ಮೋಹ ಕೊಲೆಯಲ್ಲಿ ಮುಗಿಯುತ್ತದೆ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರ ಹೆಸರಿನೊಡನೆ ಬೆಳೆದುಬಂದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಮದುವೆಯೊಳಗಿನ ಒಲವೇ ವಸ್ತು, ಆದರೆ ಅಲ್ಲಿ ಸತ್ಯಭಾಮೆಗೆ ಹೂವೇ ಜಗಳಕ್ಕೆ ಬೇಕು, ಕಂಡಿಕೆ, ಕಲ್ಲು, ಒಲೆ ಅವಳ ಲೋಕದಲ್ಲಿಲ್ಲ.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದ ತನ್ನ ಸನ್ನಿವೇಶವನ್ನು ಕಳೆದುಕೊಂಡಿತು; ಈಗ ಅದು ಪುಸ್ತಕದಲ್ಲಿ, ವೇದಿಕೆಯಲ್ಲಿ ಇದೆ. ಒಡಪು ಮಾತ್ರ ಹೊಸ್ತಿಲನ್ನು ಬಿಟ್ಟಿಲ್ಲ. ಸಂಗ್ರಹಕಾರರಿಗೆ ಅದು ಒಡ್ಡುವ ತೊಡಕು ಬೇರೆಯದು. ಒಡಪಿನ ಜೀವವಿರುವುದು ಅದರ ಕೊನೆಯ ಹೆಸರಿನಲ್ಲಿ. ಆ ಹೆಸರು ಹೇಳಿದವಳಿಗೆ ಮಾತ್ರ ಸಲ್ಲುವುದು. ಅಚ್ಚಿನಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟರೆ ಪ್ರಾಸ ಮುರಿಯುತ್ತದೆ, ಯಾವುದೋ ಹೆಸರು ತುಂಬಿದರೆ ಅದು ಯಾರ ಒಡಪೂ ಅಲ್ಲ. ಯಾವ ಸಂದರ್ಭದಲ್ಲಿ, ಮದುವೆಯಾಗಿ ಎಷ್ಟು ವರ್ಷದ ಮೇಲೆ, ಬಾಗಿಲಿಗೆ ಯಾರು ಅಡ್ಡ ನಿಂತಾಗ ಹೇಳಿದ್ದು ಎಂಬ ವಿವರಗಳಿಲ್ಲದ ಒಡಪು ಬರಿಯ ಜೋಡಿ ಪ್ರಾಸ. ಈಚೆಗೆ ಮದುಮಗನಿಗೂ ಹೆಂಡತಿಯ ಹೆಸರು ಹೇಳೆಂದು ಒತ್ತಾಯಿಸುವುದುಂಟು. ಅವನು ಹೇಳುತ್ತಾನೆ, ಹೆಂಗಸರು ನಗುತ್ತಾರೆ. ಆದರೆ ಆ ಹೆಸರನ್ನು ಅವನು ಮರುದಿನ ಬೆಳಗಿನಿಂದ ಮನೆ ತುಂಬ ಕೂಗಬಲ್ಲನಾದ್ದರಿಂದ ಅವನ ಬಾಯಲ್ಲಿ ಅದು ಒಗಟಾಗುವುದಿಲ್ಲ.